ಸಾರ್ಕ್ ಮತ್ತು ನಮ್ಮ ಕೇರಿ

ಸಾರ್ಕ್ ಸಂಘಟನೆಯ ಕೇಂದ್ರ ಕಚೇರಿ ಎಲ್ಲಿದೆ? ಕಠ್ಮಂಡು. ಸ್ಥಾಪನೆಯಾದದ್ದು ಯಾವಾಗ? ೧೯೮೫ ಡಿಸೆಂಬರ್ ೮. ಎಲ್ಲಿ? ಢಾಕಾ. ಸದಸ್ಯ ರಾಷ್ಟ್ರಗಳೆಷ್ಟು? ಮೊದಲು ಏಳು, ೨೦೦೭ರಲ್ಲಿ ಅಫ್ಘಾನಿಸ್ತಾನ ಸೇರಿ ಎಂಟು. ಒಂದೊಂದಕ್ಕೂ ಒಂದೊಂದು ಮಾರ್ಕು.

ನಮ್ಮಂಥವರಿಗೆ ಸಾರ್ಕ್ ಗೊತ್ತಾದದ್ದು ಹೀಗೆ. ಹಾಸ್ಟೆಲಿನ ಮಿಣಮಿಣ ಟ್ಯೂಬ್‌ಲೈಟಿನ ಕೆಳಗೆ, ಎಫ್.ಡಿ.ಎ., ಎಸ್.ಡಿ.ಎ., ಕೆ.ಎ.ಎಸ್. ಎಂದು ದಪ್ಪಕ್ಷರದಲ್ಲಿ ಬರೆದ ಗೈಡುಗಳ ಒಳಗೆ. ರಜೆಗೆ ಊರಿಗೆ ಹೋಗಿದ್ದಾಗ ನಾವು ಉರು ಹೊಡೆಯುತ್ತಿದ್ದುದು ಅವ್ವನ ಕಿವಿಗೆ ಬಿತ್ತು. "ಅದೇನ್ಲಾ ಮಗ ಸಾರ್ಕು? ಸಾರ್ಗೆ ಹಾಕೋದಾ?" ಅಂದಳು. ನಾವು ನಕ್ಕೆವು. "ಅಲ್ಲ ಕಣವ್ವ, ಅಕ್ಕಪಕ್ಕದ ದೇಶದ ಸರ್ಕಾರಗಳೆಲ್ಲ ಸೇರ್ಕಂಡು ಬಡವ್ರನ್ನ ಉದ್ಧಾರ ಮಾಡಕ್ಕೆ ಅಂತ ಮಾಡ್ಕಂಡಿರೋ ಸಂಘ" ಅಂದೆವು. ಅವ್ವ ಒಲೆಗೆ ಪುಳ್ಳೆ ತುರುಕುತ್ತಾ, ತಲೆ ಎತ್ತದೆ ಕೇಳಿದಳು: "ಹಂಗಾರೆ ಅವ್ರೆಲ್ಲ ಕುಂತು ಉಂಡ್ಮೇಲೆ ಎಲೆ ಎತ್ತೋರು ಯಾರ್ಲಾ?"

ಗೈಡಿನಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಅದನ್ನು ಹುಡುಕುತ್ತಾ ಹೋದಾಗ ನಮಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

೦

ಈಗ ನಮ್ಮ ದೇಶದ ಬುದ್ಧಿವಂತರಲ್ಲಿ ಒಂದು ಗುಂಪು ಸಾರ್ಕ್ ಸತ್ತುಹೋಯಿತೆಂದು ಅಳುತ್ತಿದೆ. ಅಳುವುದಕ್ಕೆ ಕಾರಣವೂ ಇದೆ. ೨೦೧೪ರ ನವೆಂಬರಿನಲ್ಲಿ ಕಠ್ಮಂಡುವಿನಲ್ಲಿ ಹದಿನೆಂಟನೆಯ ಶೃಂಗಸಭೆ ಮುಗಿದ ಮೇಲೆ ಮತ್ತೊಂದು ಶೃಂಗಸಭೆ ನಡೆದಿಲ್ಲ. ೨೦೧೬ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿದ್ದದ್ದು ಉರಿ ಸೇನಾ ಶಿಬಿರದ ಮೇಲಿನ ದಾಳಿಯ ನಂತರ ಬಿದ್ದುಹೋಯಿತು. ಇನ್ನೊಂದು ಗುಂಪಿದೆ, ಅದು ದೇಶಭಕ್ತಿಯನ್ನು ಗುತ್ತಿಗೆ ಹಿಡಿದವರ ಗುಂಪು. "ಪೀಡೆ ತೊಲಗಿತು" ಎಂದು ಅದು ಚಪ್ಪಾಳೆ ತಟ್ಟುತ್ತಿದೆ.

ನಾವು ಅಳುವವರ ಜೊತೆಗೂ ಇಲ್ಲ, ಚಪ್ಪಾಳೆಯವರ ಜೊತೆಗೂ ಇಲ್ಲ. ನಮ್ಮ ಪ್ರಶ್ನೆ ಬೇರೆ. ಬದುಕಿದ್ದಾಗ ಅದು ಯಾರಿಗಾಗಿ ಬದುಕಿತ್ತು?

ಅದರ ಸನ್ನದನ್ನು ಓದಿದರೆ ಕಣ್ಣಲ್ಲಿ ನೀರು ಬರಬೇಕು, ಅಷ್ಟು ಚೆನ್ನಾಗಿದೆ. ದಕ್ಷಿಣ ಏಷ್ಯಾದ ಜನರ ಕಲ್ಯಾಣ, ಸಾಮಾಜಿಕ ಪ್ರಗತಿ, ಸಾಂಸ್ಕೃತಿಕ ಅಭಿವೃದ್ಧಿ, ಪ್ರತಿಯೊಬ್ಬರೂ ಘನತೆಯಿಂದ ಬಾಳುವ ಅವಕಾಶ. ಎಲ್ಲವೂ ಮೊದಲನೆಯ ವಿಧಿಯಲ್ಲೇ ಇದೆ. ಆದರೆ ಅದೇ ಸನ್ನದಿನ ಹತ್ತನೆಯ ವಿಧಿಗೆ ಬನ್ನಿ. ಎಲ್ಲ ತೀರ್ಮಾನಗಳೂ ಸರ್ವಾನುಮತದಿಂದ ಆಗಬೇಕು; ಎರಡು ದೇಶಗಳ ನಡುವಿನ ಮತ್ತು ವಿವಾದಾಸ್ಪದವಾದ ವಿಷಯಗಳನ್ನು ಚರ್ಚೆಗೆ ತರಕೂಡದು.

ಗೆಳೆಯರೆ, ಈ ಭಾಷೆ ನಮಗೆ ಹೊಸದೇ? ಊರ ಮುಂದಿನ ಅರಳಿಕಟ್ಟೆಯ ಪಂಚಾಯ್ತಿಯಲ್ಲಿ ಇದನ್ನು ತಲೆಮಾರುಗಳಿಂದ ಕೇಳಿಕೊಂಡೇ ಬಂದಿದ್ದೇವೆ. "ಊರು ಒಗ್ಗಟ್ಟಾಗಿರಬೇಕು, ಜಗಳದ ಮಾತು ಎತ್ತಬೇಡಿ." ಜಗಳದ ಮಾತು ಅಂದರೆ ಯಾವುದು? ಬಾವಿಯ ನೀರು, ದೇವಸ್ಥಾನದ ಬಾಗಿಲು, ಹೆಣ ಹೂಳುವ ಜಾಗ, ಗೋಮಾಳದ ತುಂಡು ನೆಲ. ಅಂದರೆ ನಮ್ಮ ಇಡೀ ಬದುಕು! ನಾವು ಉಸಿರಾಡಿದರೆ ವಿವಾದ. ಸುಮ್ಮನಿದ್ದರೆ ಸರ್ವಾನುಮತ. ಅರಳಿಕಟ್ಟೆಯ ಈ ನ್ಯಾಯವೇ ಸೂಟು ಹಾಕಿಕೊಂಡು ಸಾರ್ಕ್ ಸಭೆಗೆ ಹೋಗಿ ಕೂತಿತು. ೧೯೯೦ರ ದಶಕದಲ್ಲಿ ಭೂತಾನದಿಂದ ಲಕ್ಷದಷ್ಟು ನೇಪಾಳಿ ಭಾಷಿಕರು ನಿರಾಶ್ರಿತರಾಗಿ ನೇಪಾಳದ ಶಿಬಿರಗಳಿಗೆ ಬಂದು ಬಿದ್ದರು. ಭೂತಾನವೂ ಸದಸ್ಯ, ನೇಪಾಳವೂ ಸದಸ್ಯ, ಕಚೇರಿ ಇರುವುದೇ ಕಠ್ಮಂಡುವಿನಲ್ಲಿ. ಆದರೂ ಅದು ಎರಡು ದೇಶಗಳ ನಡುವಿನ ವಿಷಯ. ಸಂಘಕ್ಕೆ ಬಾಯಿಲ್ಲ.

೧೯೯೩ರಲ್ಲಿ ಢಾಕಾದಲ್ಲಿ ಸೇರಿದ್ದ ಏಳನೆಯ ಶೃಂಗಸಭೆ ೨೦೦೨ರ ಹೊತ್ತಿಗೆ ದಕ್ಷಿಣ ಏಷ್ಯಾದಲ್ಲಿ ಬಡತನವನ್ನು ನಿರ್ಮೂಲ ಮಾಡುವ ಗುರಿಗೆ ಒಪ್ಪಿಗೆ ಒತ್ತಿತು. ೨೦೦೨ ಬಂತು, ಹೋಯಿತು. ಅದೇ ಕಾಲದಲ್ಲಿ ಹುಟ್ಟಿದ ನಾವು ಈಗ ಡಿಗ್ರಿ ಮುಗಿಸಿ ಅರ್ಜಿ ತುಂಬುತ್ತಿದ್ದೇವೆ. ನಮ್ಮಪ್ಪ ಈಗಲೂ ಕೂಲಿಗೆ ಹೋಗುತ್ತಾನೆ. ಆ ಗುರಿಯನ್ನು ಮುಟ್ಟಲಿಲ್ಲವೇಕೆ ಎಂದು ಕೇಳಿದವರಿಲ್ಲ, ತಪ್ಪಾಯಿತು ಎಂದವರೂ ಇಲ್ಲ. ಬದಲಿಗೆ ೨೦೦೪ರ ಜನವರಿ ೪ರಂದು ಇಸ್ಲಾಮಾಬಾದಿನಲ್ಲಿ ಇನ್ನೊಂದು ಕಾಗದಕ್ಕೆ ಸಹಿ ಬಿತ್ತು. ಅದರ ಹೆಸರು ಸಾಮಾಜಿಕ ಸನ್ನದು.

ಈ ಸಾಮಾಜಿಕ ಸನ್ನದನ್ನು ಪ್ರತಿಯೊಬ್ಬ ಕಾರ್ಯಕರ್ತನೂ ಒಮ್ಮೆ ಓದಬೇಕು. ಬಡತನ ಇದೆ, ಆರೋಗ್ಯ ಇದೆ, ಶಿಕ್ಷಣ ಇದೆ, ಮಹಿಳೆ ಇದ್ದಾಳೆ, ಮಕ್ಕಳಿದ್ದಾರೆ, ಜನಸಂಖ್ಯೆ ಇದೆ, ಮಾದಕ ವಸ್ತುಗಳ ಪಿಡುಗೂ ಇದೆ. ದುರ್ಬಲರು, ಅಂಚಿಗೆ ತಳ್ಳಲ್ಪಟ್ಟವರು ಎಂಬ ಮೆತ್ತನೆಯ ಮಾತುಗಳೂ ಇವೆ. ಆದರೆ ಯಾವ ಒಂದು ಪಿಡುಗನ್ನು ಈ ನೆಲ ಜಗತ್ತಿಗೆ ಕಾಣಿಕೆಯಾಗಿ ಕೊಟ್ಟಿದೆಯೋ ಅದರ ಹೆಸರಿಲ್ಲ. ಜಾತಿ ಎಂಬ ಪದ ಇಲ್ಲ. ಅಸ್ಪೃಶ್ಯತೆ ಎಂಬ ಪದ ಇಲ್ಲ. ತಳ್ಳಲ್ಪಟ್ಟವರು ಇದ್ದಾರೆ, ತಳ್ಳಿದವರು ಇಲ್ಲ! ಹಿಂದೂ ರಾಷ್ಟ್ರವೆಂದು ಆಗ ಹೇಳಿಕೊಳ್ಳುತ್ತಿದ್ದ ನೇಪಾಳ, ಇಸ್ಲಾಮಿ ಗಣರಾಜ್ಯವಾದ ಪಾಕಿಸ್ತಾನ, ಬುದ್ಧನಿಗೆ ಅಗ್ರಸ್ಥಾನ ಕೊಟ್ಟ ಶ್ರೀಲಂಕಾ, ಜಾತ್ಯತೀತ ಭಾರತ. ಮಿಕ್ಕೆಲ್ಲದರಲ್ಲೂ ಕಚ್ಚಾಡುವ ಇವರು ಈ ಒಂದು ಪದವನ್ನು ಬರೆಯದೆ ಇರುವುದರಲ್ಲಿ ಎಷ್ಟು ಚೆನ್ನಾಗಿ ಸಹಕರಿಸಿದ್ದಾರೆ ನೋಡಿ.

೦

ಜಾತಿ ಭಾರತದ ಖಾಸಗಿ ಆಸ್ತಿಯೆಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ೨೦೦೧ರಲ್ಲಿ ಡರ್ಬನ್ನಿನ ಜನಾಂಗಭೇದ ವಿರೋಧಿ ವಿಶ್ವ ಸಮ್ಮೇಳನದಲ್ಲಿ ಜಾತಿಯ ಮಾತು ಬರಬೇಕೆಂದು ದಲಿತ ಸಂಘಟನೆಗಳು ಕೇಳಿದಾಗ ಭಾರತ ಸರ್ಕಾರ ವಿರೋಧಿಸಿತು. ಜಾತಿಯೇ ಬೇರೆ, ಜನಾಂಗವೇ ಬೇರೆ, ಇದು ನಮ್ಮ ಮನೆಯ ವಿಷಯ ಎಂದಿತು. ಮನೆಯ ವಿಷಯವಂತೆ! ಹಾಗಾದರೆ ನೆರೆಮನೆಗಳನ್ನೂ ಒಮ್ಮೆ ಇಣುಕಿ ನೋಡೋಣ.

ನೇಪಾಳದಲ್ಲಿ ಜಂಗ್ ಬಹಾದ್ದೂರ್ ರಾಣಾ ೧೮೫೪ರಲ್ಲಿ ಮುಲುಕಿ ಐನ್ ಎಂಬ ಕಾನೂನು ತಂದ. ಮನುಸ್ಮೃತಿ ಅಲ್ಲಿ ಸರ್ಕಾರದ ಕಾಯಿದೆಯೇ ಆಯಿತು. ಯಾರು ಮುಟ್ಟಿದ ನೀರು ನಡೆಯುತ್ತದೆ, ಯಾರದು ನಡೆಯುವುದಿಲ್ಲ ಎಂಬುದನ್ನು ಪ್ರಭುತ್ವವೇ ಬರೆದಿಟ್ಟಿತು. ಆ ಕಾಯಿದೆಯನ್ನು ಬದಲಿಸಿದ್ದು ೧೯೬೩ರಲ್ಲಿ. ಅಲ್ಲಿ ಕಬ್ಬಿಣ ಬಡಿಯುವ ಕಾಮಿ ಅಸ್ಪೃಶ್ಯ, ಚರ್ಮದ ಕೆಲಸದ ಸಾರ್ಕಿ ಅಸ್ಪೃಶ್ಯ, ಬಟ್ಟೆ ಹೊಲಿಯುವ ದಮಾಯಿ ಅಸ್ಪೃಶ್ಯ. ಮದುವೆಗೆ ದಮಾಯಿಯ ವಾದ್ಯ ಬೇಕು, ಮನೆಯೊಳಕ್ಕೆ ದಮಾಯಿ ಬೇಡ. ನಮ್ಮ ತಮಟೆಯ ಕತೆಯೂ ಇದೇ ಅಲ್ಲವೇ? ಇನ್ನೊಂದನ್ನು ಗಮನಿಸಿ. ನಮ್ಮೂರಲ್ಲಿ ಕಮ್ಮಾರನನ್ನು ಮುಟ್ಟಿದರೆ ಮೈಲಿಗೆಯಿಲ್ಲ. ನೇಪಾಳದ ಬೆಟ್ಟದಲ್ಲಿ ಅದೇ ಸುತ್ತಿಗೆ, ಅದೇ ಕುಲುಮೆ, ಅದೇ ಬೆಂಕಿ, ಆದರೆ ಮೈಲಿಗೆ! ಹಾಗಾದರೆ ಮೈಲಿಗೆ ಎಲ್ಲಿದೆ? ಕೆಲಸದಲ್ಲಿಲ್ಲ, ರಕ್ತದಲ್ಲಿಲ್ಲ, ಪೂರ್ವಜನ್ಮದ ಕರ್ಮದಲ್ಲಂತೂ ಇಲ್ಲವೇ ಇಲ್ಲ. ಯಾರನ್ನು ಎಲ್ಲಿ ತುಳಿದರೆ ಲಾಭವೋ ಅಲ್ಲಿದೆ. ಈ ಒಂದು ಪಾಠಕ್ಕಾಗಿಯಾದರೂ ನಾವು ಗಡಿಯಾಚೆ ನೋಡಬೇಕು. ಅಸ್ಪೃಶ್ಯತೆಯ ವಿರುದ್ಧ ನೇಪಾಳ ೨೦೧೧ರಲ್ಲಿ ಬಿಗಿಯಾದ ಕಾನೂನು ಮಾಡಿತು. ಆದರೂ ೨೦೨೦ರ ಮೇ ತಿಂಗಳಲ್ಲಿ ಪಶ್ಚಿಮ ರುಕುಂ ಜಿಲ್ಲೆಯಲ್ಲಿ, ಮೇಲ್ಜಾತಿಯ ಹುಡುಗಿಯನ್ನು ಪ್ರೀತಿಸಿದ ದಲಿತ ಯುವಕ ಗೆಳೆಯರೊಡನೆ ಅವಳ ಊರಿಗೆ ಹೋದಾಗ ಊರೇ ಎದ್ದು ಅಟ್ಟಿಸಿಕೊಂಡು ಬಂತು. ಆರು ಮಂದಿ ಸತ್ತರು. ಹೆಣಗಳು ಭೇರಿ ನದಿಯಲ್ಲಿ ಸಿಕ್ಕಿದವು. ೨೦೦೦ದ ಮಾರ್ಚಿನಲ್ಲಿ ಕೋಲಾರ ಸೀಮೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿಯನ್ನು ಜೀವಂತ ಸುಟ್ಟಾಗ ನಮ್ಮ ಗಾಳಿಯಲ್ಲಿ ಹಬ್ಬಿದ ಕಮಟು ಅಲ್ಲಿಗೂ ಹೋಗಿರಬೇಕು.

ಬಾಂಗ್ಲಾದೇಶಕ್ಕೆ ಬನ್ನಿ. ಢಾಕಾದ ಬೀದಿ ಗುಡಿಸಲು ಬ್ರಿಟಿಷರು ಕಾನಪುರದ ಕಡೆಯಿಂದ, ತೆಲುಗು ಸೀಮೆಯಿಂದ ನಮ್ಮವರನ್ನು ಕರೆದೊಯ್ದರು. ಬ್ರಿಟಿಷರು ಹೋದರು, ಪಾಕಿಸ್ತಾನ ಹೋಯಿತು, ಸ್ವತಂತ್ರ ಬಾಂಗ್ಲಾ ಬಂತು. ಪೊರಕೆ ಕೈ ಬದಲಿಸಲಿಲ್ಲ. ಇವತ್ತಿಗೂ ಅಲ್ಲಿನ ಕಾಲೋನಿಗಳಲ್ಲಿ ತೆಲುಗು ಮಾತಾಡುವ ಮನೆಗಳಿವೆ. ೨೦೨೪ರ ಜೂನಿನಲ್ಲಿ ಢಾಕಾದ ಮಿರನ್‌ಜಿಲ್ಲಾ ಹರಿಜನ ಕಾಲೋನಿಗೆ ನಗರಪಾಲಿಕೆಯ ಬುಲ್ಡೋಜರ್ ನುಗ್ಗಿತು. ಯಾಕೆ? ಮಾರುಕಟ್ಟೆ ಕಟ್ಟಬೇಕಂತೆ. ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬಗಳನ್ನು ಎಬ್ಬಿಸಿ ಪುರಸಭೆ ಅಂಗಡಿಗಳ ಸಂಕೀರ್ಣ ಕಟ್ಟಲು ಹೊರಟಾಗ, ೨೦೧೦ರಲ್ಲಿ ಅವರು ಮಲವನ್ನೇ ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ನಗರ ಎರಡು, ದೇಶ ಎರಡು, ಬುದ್ಧಿ ಒಂದೇ. ಊರನ್ನು ಶುಚಿಯಾಗಿಟ್ಟವರ ಮನೆಯೇ ಊರಿಗೆ ಕಸವಾಗಿ ಕಾಣುತ್ತದೆ.

ಪಾಕಿಸ್ತಾನದಲ್ಲಿ ಜಾತಿಯಿಲ್ಲ ಎನ್ನುತ್ತಾರೆ. ಸಿಂಧ್ ಪ್ರಾಂತದ ಹೊಲಗಳಲ್ಲಿ ಸಾಲಕ್ಕೆ ಜೀತ ಬಿದ್ದವರ ಜಾತಿ ಕೇಳಿ; ಕೋಲ್ಹಿ, ಭೀಲ, ಮೇಘವಾಡ ಎಂದೇ ಹೆಚ್ಚಾಗಿ ಉತ್ತರ ಬರುತ್ತದೆ. ೧೯೯೨ರಲ್ಲೇ ಅಲ್ಲಿ ಜೀತ ನಿಷೇಧದ ಕಾಯಿದೆ ಆಗಿದೆ, ನಮ್ಮಲ್ಲಿ ೧೯೭೬ರಲ್ಲಿ ಆದ ಹಾಗೆ. ಲಾಹೋರು, ಕರಾಚಿಗಳ ಚರಂಡಿಗೆ ಇಳಿಯುವವರು ಬಹುಪಾಲು ಕ್ರೈಸ್ತರು. ಅವರ ಅಜ್ಜ ಮುತ್ತಜ್ಜಂದಿರು ಜಾತಿಯ ಅವಮಾನ ತಾಳಲಾರದೆ ಶಿಲುಬೆಯ ನೆರಳಿಗೆ ಹೋದ ಪಂಜಾಬಿನ ಅಸ್ಪೃಶ್ಯರು. ದೇವರು ಬದಲಾದ, ಗುಂಡಿ ಬದಲಾಗಲಿಲ್ಲ. ಜಾಡಮಾಲಿ ಕೆಲಸಕ್ಕೆ ಮುಸ್ಲಿಮೇತರರು ಮಾತ್ರ ಅರ್ಜಿ ಹಾಕಬೇಕೆಂಬ ಜಾಹೀರಾತುಗಳು ಅಲ್ಲಿ ಬಂದಿವೆ. ನಮ್ಮಲ್ಲಿ ಅಂಥ ಜಾಹೀರಾತು ಬೇಕಾಗಿಯೇ ಇಲ್ಲ. ಮ್ಯಾನ್‌ಹೋಲಿಗೆ ಯಾರು ಇಳಿಯಬೇಕೆಂದು ಹೇಳದೆಯೇ ಎಲ್ಲರಿಗೂ ಗೊತ್ತು.

ಇಷ್ಟೆಲ್ಲ ಒಂದೇ ಆಗಿರುವಾಗ ಈ ಸರ್ಕಾರಗಳು ಒಂದು ಮೇಜಿನ ಸುತ್ತ ಕೂತು ಮೊದಲು ಮಾತಾಡಬೇಕಿದ್ದದ್ದು ಯಾವುದನ್ನು?

೦

ಸರ್ಕಾರಗಳು ನಮ್ಮ ವಿಷಯದಲ್ಲಿ ಸಹಕರಿಸಿಯೇ ಇಲ್ಲ ಎಂದರೆ ಸುಳ್ಳಾದೀತು. ಸಾರ್ಕ್ ಹುಟ್ಟುವ ಮೊದಲೇ ಒಮ್ಮೆ ಬಲು ಚೆನ್ನಾಗಿ ಸಹಕರಿಸಿವೆ. ಅದಕ್ಕೂ ಹಿಂದೆ, ದೇಶ ಒಡೆದ ದಿನಗಳಲ್ಲೇ, ಗಡಿ ನಮ್ಮನ್ನು ಯಾವ ಕಣ್ಣಿನಿಂದ ನೋಡುತ್ತದೆಂಬುದು ಗೊತ್ತಾಗಿತ್ತು. ಎರಡನ್ನೂ ಹೇಳುತ್ತೇವೆ.

೧೯೪೭. ದೇಶ ಒಡೆದಿದೆ. ಲಕ್ಷಗಟ್ಟಲೆ ಜನ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡುತ್ತಿದ್ದಾರೆ. ಯಾರು ಬೇಕಾದರೂ ಓಡಬಹುದು, ಒಬ್ಬರ ಹೊರತು. ಸಿಂಧ್‌ನಲ್ಲಿ ಜಾಡಮಾಲಿಗಳನ್ನು ಅಗತ್ಯ ಸೇವೆಯವರೆಂದು ಹೇಳಿ ಹೊರಡದಂತೆ ತಡೆದರು. ಅವರು ಹೋದರೆ ಕರಾಚಿಯ ಕಕ್ಕಸು ತೊಳೆಯುವವರು ಯಾರು? ಬಾಬಾಸಾಹೇಬರು ೧೯೪೭ರ ಡಿಸೆಂಬರಿನಲ್ಲಿ ನೆಹರೂ ಅವರಿಗೆ ಕಾಗದ ಬರೆದು, ಪಾಕಿಸ್ತಾನದಲ್ಲಿ ಸಿಕ್ಕಿಕೊಂಡ ಅಸ್ಪೃಶ್ಯರನ್ನು ಕರೆಸಿಕೊಳ್ಳಿ, ಇಲ್ಲಿಗೆ ಬಂದವರನ್ನೂ ನಿರಾಶ್ರಿತರೆಂದು ಸರಿಯಾಗಿ ನೋಡಿಕೊಳ್ಳಿ ಎಂದು ಕೇಳಬೇಕಾಯಿತು. ಮನುಷ್ಯನಿಗೆ ಗಡಿ ತೆರೆದಿತ್ತು, ಪೊರಕೆ ಹಿಡಿದವನಿಗೆ ಮುಚ್ಚಿತ್ತು. ಅಗತ್ಯ ಸೇವೆ! ಎಷ್ಟು ಗೌರವದ ಹೆಸರು! ಅಷ್ಟು ಅಗತ್ಯವಾದವನನ್ನು ಮುಟ್ಟುವುದು ಮಾತ್ರ ಯಾರಿಗೂ ಅಗತ್ಯವಾಗಿರಲಿಲ್ಲ.

ಆಗ ಭಾರತದ ಕಾನೂನು ಮಂತ್ರಿ ಯಾರು? ಬಾಬಾಸಾಹೇಬ್ ಅಂಬೇಡ್ಕರ್. ಪಾಕಿಸ್ತಾನದ ಕಾನೂನು ಮಂತ್ರಿ? ಬಂಗಾಳದ ನಾಮಶೂದ್ರ ಜೋಗೇಂದ್ರನಾಥ ಮಂಡಲ್. ೧೯೪೬ರಲ್ಲಿ ಬಾಬಾಸಾಹೇಬರು ಸಂವಿಧಾನ ಸಭೆಗೆ ಬಂಗಾಳದಿಂದ ಆರಿಸಿಬರಲು ದುಡಿದವರು ಇದೇ ಮಂಡಲ್. ಎರಡೂ ದೇಶಗಳ ಮೊದಲ ಕಾನೂನು ಮಂತ್ರಿಗಳು ಅಸ್ಪೃಶ್ಯರು, ಇಬ್ಬರೂ ಒಂದೇ ಹೋರಾಟದ ಸಂಗಾತಿಗಳು. ಈ ವಿಷಯವನ್ನು ನಮ್ಮ ಯಾವ ಪಠ್ಯಪುಸ್ತಕದಲ್ಲಿಯೂ ನಾವು ಓದಿರಲಿಲ್ಲ. ಮಂಡಲ್ ೧೯೫೦ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟು ಕಲ್ಕತ್ತೆಗೆ ಬಂದರು. ಪೂರ್ವ ಬಂಗಾಳದಲ್ಲಿ ತಮ್ಮ ಜನರಿಗಾದ ಹಿಂಸೆಯನ್ನು ಬರೆದಿಟ್ಟು ಬಂದರು. ಬಾಬಾಸಾಹೇಬರು ೧೯೫೧ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಹಿಂದೂ ಸಂಹಿತೆಯ ಮಸೂದೆಯನ್ನು ಕೊಂದವರ ಜೊತೆ ಕೂರಲಾರೆ ಎಂದರು. ಒಂದು ವರ್ಷದೊಳಗೆ ಎರಡೂ ದೇಶಗಳ ಮಂತ್ರಿಮಂಡಲಗಳಿಂದ ನಮ್ಮವರಿಬ್ಬರೂ ಎದ್ದು ಹೊರಗೆ ನಡೆದರು. ದಕ್ಷಿಣ ಏಷ್ಯಾದ ಚರಿತ್ರೆಯನ್ನು ನಾವು ಬರೆಯುವುದಾದರೆ ಮೊದಲ ಅಧ್ಯಾಯ ಇಲ್ಲಿಂದ ಶುರುವಾಗಬೇಕು.

ಎರಡನೆಯದು ಸಿಲೋನಿನ ಕತೆ. ಬ್ರಿಟಿಷರ ಕಾಫಿ, ಟೀ ತೋಟಗಳಿಗೆ ತಮಿಳುನಾಡಿನಿಂದ ಹಡಗು ಹತ್ತಿದವರಲ್ಲಿ ದೊಡ್ಡ ಪಾಲು ಪಳ್ಳರು, ಪರೆಯರು, ಚಕ್ಕಿಲಿಯರು. ನೂರು ವರ್ಷಕ್ಕೂ ಮೀರಿ ಅಲ್ಲಿ ಎಲೆ ಕಿತ್ತು, ಅಲ್ಲೇ ಹೆತ್ತು, ಅಲ್ಲೇ ಮಣ್ಣಾದರು. ೧೯೪೮ರಲ್ಲಿ ಸ್ವತಂತ್ರ ಸಿಲೋನು ಪೌರತ್ವ ಕಾಯಿದೆ ತಂದು ಅವರಲ್ಲಿ ಬಹುಪಾಲು ಮಂದಿಯನ್ನು ದೇಶವಿಲ್ಲದವರನ್ನಾಗಿ ಮಾಡಿತು. ೧೯೬೪ರ ಅಕ್ಟೋಬರಿನಲ್ಲಿ ಸಿರಿಮಾವೋ ಬಂಡಾರನಾಯಕೆ, ಲಾಲ್ ಬಹಾದ್ದೂರ್ ಶಾಸ್ತ್ರಿ ಕೂತು ಲೆಕ್ಕ ಹಾಕಿದರು. ಒಟ್ಟು ತಲೆ ೯,೭೫,೦೦೦. ಭಾರತಕ್ಕೆ ೫,೨೫,೦೦೦. ಸಿಲೋನಿಗೆ ೩,೦೦,೦೦೦. ಮಿಕ್ಕ ೧,೫೦,೦೦೦ ತಲೆಗಳನ್ನು ಆಮೇಲೆ ನೋಡೋಣ. ೧೯೭೪ರಲ್ಲಿ ಸಿರಿಮಾವೋ, ಇಂದಿರಾ ಗಾಂಧಿ ಆ ಮಿಕ್ಕಿದ್ದನ್ನೂ ನಿನಗೆ ೭೫,೦೦೦, ನನಗೆ ೭೫,೦೦೦ ಎಂದು ಸಮನಾಗಿ ಹಂಚಿಕೊಂಡರು. ಅಣ್ಣತಮ್ಮಂದಿರು ಕುರಿ ಭಾಗ ಮಾಡಿಕೊಳ್ಳುವಾಗಲಾದರೂ ಒಂದು ಕೂಗಾಟ ಇರುತ್ತದೆ. ಇಲ್ಲಿ ಅದೂ ಇಲ್ಲ. ಪೂರ್ಣ ಸಹಕಾರ! ಎಣಿಸಿಕೊಂಡವರನ್ನು ಮಾತ್ರ ಯಾರೂ ಕೇಳಲಿಲ್ಲ.

ಹೀಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳನ್ನು ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸೀಮೆಯ ರಬ್ಬರ್ ತೋಟಗಳಿಗೆ ತಂದು ಇಳಿಸಿದರು. ಆ ತೋಟದ ಹುಡುಗನೊಬ್ಬ ಕಾಲೇಜಿನಲ್ಲಿ ನಮ್ಮ ಗೆಳೆಯ. ಅವನಿಗೆ ಹಾಸ್ಟೆಲ್ ಸೀಟು ಸಿಗಲಿಲ್ಲ, ಜಾತಿ ಪ್ರಮಾಣಪತ್ರ ಇರಲಿಲ್ಲ. ಅಜ್ಜನ ಊರು ತಮಿಳುನಾಡು, ಅಪ್ಪ ಹುಟ್ಟಿದ್ದು ಸಿಲೋನು, ಇರುವುದು ಕರ್ನಾಟಕ. ಯಾವ ಪಟ್ಟಿಗೆ ಸೇರಿಸೋದಪ್ಪ ನಿನ್ನ, ಎಂದು ಕಚೇರಿಯಿಂದ ಕಚೇರಿಗೆ ಅಲೆಸಿದರು. ಪ್ರಮಾಣಪತ್ರವಿಲ್ಲದೆ ಅವನ ಜಾತಿ ಕಚೇರಿಗೆ ಗೊತ್ತಾಗಲಿಲ್ಲ. ಬಾಡಿಗೆ ಕೋಣೆ ಕೇಳಲು ಹೋದ ಬೀದಿಗಳಲ್ಲಿ ಮಾತ್ರ ಎರಡು ಮಾತಿಗೇ ಗೊತ್ತಾಯಿತು. ನಮ್ಮ ಕೋಣೆಯಲ್ಲೇ ವಾರ್ಡನ್ನಿನ ಕಣ್ಣು ತಪ್ಪಿಸಿ ಮಲಗುತ್ತಿದ್ದ. ಒಂದು ಸಲ ಅವನ ಮನೆಗೆ ಹೋದೆವು. ಅವನ ಅಜ್ಜಿ ತಮಿಳಿನಲ್ಲಿ ಹೇಳಿದಳು, ಅವನು ಕನ್ನಡ ಮಾಡಿದ: "ಅಲ್ಲಿ ಎಲೆ ಕಿತ್ತೆ, ಇಲ್ಲಿ ಮರದ ಹಾಲು ಇಳಿಸಿದೆ. ಇರೋಕೆ ಅಲ್ಲೂ ಲೈನು, ಇಲ್ಲೂ ಲೈನು. ನಡುವೆ ಒಂದು ಹಡಗು." ಊರಿಗೆ ಹೋದಾಗ ಅವ್ವನಿಗೆ ಇದನ್ನು ಹೇಳಿದೆವು. "ಅಯ್ಯೋ, ನಮ್ ಬೀದಿಯೋಳೇ ಕಣ್ಲಾ ಅವ್ಳು" ಅಂದಳು. ವಿದೇಶಾಂಗ ಇಲಾಖೆಯ ಯಾವ ಪಂಡಿತನೂ ಅವ್ವನಷ್ಟು ಸರಿಯಾಗಿ ಈ ಭೂಪಟವನ್ನು ಓದಿಲ್ಲ.

೦

ಇನ್ನು ಸಂಸ್ಕೃತಿ.

ಸಾರ್ಕಿನ ಎರಡನೆಯ ಶೃಂಗಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ೧೯೮೬ರ ನವೆಂಬರ್ ೧೬, ೧೭ರಂದು. ಕಠ್ಮಂಡುವಿನ ಕಚೇರಿಗೆ ಒಪ್ಪಂದವಾದದ್ದೂ ಇಲ್ಲೇ. ಅದೇ ವರ್ಷದ ಮಾರ್ಚಿನಲ್ಲಿ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ, ದೇವಿಯ ಹೆಸರಿನಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೆ ಹಲ್ಲೆಯಾಯಿತು. ಪೊಲೀಸರ ಬಟ್ಟೆಯನ್ನೂ ಬಿಚ್ಚಿ ಮೆರವಣಿಗೆ ಮಾಡಿದರು. ಎಂಟು ತಿಂಗಳ ಅಂತರ. ಒಂದು ಕಡೆ ನಮ್ಮ ಹೆಣ್ಣುಮಕ್ಕಳ ಮೈಮೇಲಿನ ಬಟ್ಟೆಯ ಪ್ರಶ್ನೆ, ಇನ್ನೊಂದು ಕಡೆ ಸಾಂಸ್ಕೃತಿಕ ಅಭಿವೃದ್ಧಿಯ ಭಾಷಣ. ಎರಡಕ್ಕೂ ಸಂಬಂಧವಿದೆಯೆಂದು ಆ ಸಭೆಯಲ್ಲಿ ಯಾರಿಗೆ ಹೊಳೆದೀತು?

ಆಮೇಲೆ ರೇಡಿಯೋ, ಟೀವಿ ಕಾರ್ಯಕ್ರಮಗಳ ವಿನಿಮಯ ಬಂತು. ೨೦೦೯ರಲ್ಲಿ ಕೊಲಂಬೊದಲ್ಲಿ ಸಾಂಸ್ಕೃತಿಕ ಕೇಂದ್ರ ಬಂತು. ನಾಟ್ಯ, ಸಂಗೀತ, ಕರಕುಶಲ ವಸ್ತು, ಹಳೆಯ ಸ್ತೂಪ. ಇವೆಲ್ಲ ಬೇಡವೆಂದು ನಾವು ಹೇಳುವುದಿಲ್ಲ. ೧೯೭೩ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ ಈ ನಾಡು ಹೇಗೆ ಹೊತ್ತಿ ಉರಿಯಿತೆಂಬುದನ್ನು ಹಿರಿಯರಿಂದ ಕೇಳಿದ್ದೇವೆ. ಸರ್ಕಾರಗಳು ಒಂದಕ್ಕೊಂದು ಉಡುಗೊರೆ ಕೊಟ್ಟುಕೊಳ್ಳುವ ಸಂಸ್ಕೃತಿಗೂ ಅದೇ ಮಾತನ್ನು ಹೇಳಬೇಕಾಗಿದೆ. ಚರ್ಮ ಹದ ಮಾಡಿದವನನ್ನು ಬಿಟ್ಟು ಮೃದಂಗವನ್ನು ಮಾತ್ರ ವಿಮಾನ ಹತ್ತಿಸುವುದು ಸಂಸ್ಕೃತಿಯಲ್ಲ, ಬೂಸಾ.

ಜಾಫ್ನಾದಲ್ಲಿ ಕೆ. ಡೇನಿಯಲ್ ಎಂಬ ಲೇಖಕನಿದ್ದ. ತುಳಿತಕ್ಕೊಳಗಾದ ಜಾತಿಯಲ್ಲಿ ಹುಟ್ಟಿದವನು, ಕಮ್ಯುನಿಸ್ಟ್. ೧೯೬೦ರ ದಶಕದಲ್ಲಿ ಅಲ್ಲಿನ ದಲಿತರು ಚಹದಂಗಡಿಯ ಲೋಟಕ್ಕಾಗಿ, ದೇವಸ್ಥಾನದ ಬಾಗಿಲಿಗಾಗಿ ಹೋರಾಡಿದರು. ೧೯೬೮ರಲ್ಲಿ ಮಾವಿಟ್ಟಪುರದ ಕಂದಸ್ವಾಮಿ ಗುಡಿಯ ಮುಂದೆ ಪ್ರವೇಶಕ್ಕಾಗಿ ಸತ್ಯಾಗ್ರಹ ಕೂತರು. ಈ ಹೋರಾಟದ ಒಳಗಿನಿಂದ ಡೇನಿಯಲ್ ೧೯೭೨ರಲ್ಲಿ ಒಂದು ಕಾದಂಬರಿ ಪ್ರಕಟಿಸಿದ. ಅದರ ಹೆಸರು 'ಪಂಚಮರ್'. ಅದಾದ ಕೆಲವೇ ವರ್ಷಗಳಲ್ಲಿ ಇಲ್ಲಿ ನಮ್ಮ ಹಿರಿಯರು ಒಂದು ಪತ್ರಿಕೆ ತಂದರು. ಅದರ ಹೆಸರು 'ಪಂಚಮ'. ಒಂದೇ ಪದ! ಒಂದೇ ದಶಕ! ನಡುವೆ ಇರುವುದು ಒಂದು ತಮಿಳುನಾಡು, ಒಂದು ತುಂಡು ಸಮುದ್ರ. ಆದರೂ ಇವರು ಅವರನ್ನು ಓದಿದರೇ? ಅವರು ಇವರನ್ನು ಕೇಳಿದ್ದರೇ? ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ನಾವು ಡೇನಿಯಲ್ಲನನ್ನು ಹುಡುಕಿದೆವು, ಸಿಗಲಿಲ್ಲ. ಬೆಂಗಳೂರಿನಲ್ಲಿ ಶೃಂಗಸಭೆ ನಡೆದ ೧೯೮೬ರಲ್ಲೇ ಅವನು ತೀರಿಕೊಂಡ.

ಓಡಾಟಕ್ಕೂ ಇದೇ ನ್ಯಾಯ. ೧೯೯೨ರಲ್ಲಿ ಸಾರ್ಕ್ ವೀಸಾ ವಿನಾಯಿತಿ ಯೋಜನೆ ಬಂತು. ೨೪ ಬಗೆಯ ಜನಕ್ಕೆ ವೀಸಾ ಬೇಡ. ಯಾರವರು? ಉನ್ನತ ನ್ಯಾಯಾಲಯಗಳ ನ್ಯಾಯಾಧೀಶರು, ಸಂಸದರು, ಹಿರಿಯ ಅಧಿಕಾರಿಗಳು, ವ್ಯಾಪಾರಿಗಳು, ಪತ್ರಕರ್ತರು, ಆಟಗಾರರು. ಕೂಲಿಯವಳಿಲ್ಲ, ಪೌರಕಾರ್ಮಿಕನಿಲ್ಲ. ಕೊನೆಗೆ ೨೦೨೫ರ ಏಪ್ರಿಲಿನಲ್ಲಿ ಪಹಲ್ಗಾಮಿನಲ್ಲಿ ಅಮಾಯಕರ ಕೊಲೆಯಾದ ಮೇಲೆ ಪಾಕಿಸ್ತಾನೀಯರಿಗೆ ಆ ವಿನಾಯಿತಿಯನ್ನೂ ಭಾರತ ರದ್ದು ಮಾಡಿತು. ದೊಡ್ಡವರಿಗೆ ಬಾಗಿಲು ಮುಚ್ಚಿದ ದಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ನಮಗೆ ಆ ಬಾಗಿಲು ತೆರೆದದ್ದೇ ಗೊತ್ತಿರಲಿಲ್ಲ.

೦

ಇಷ್ಟು ಬೈದ ಮೇಲೆ ನಮ್ಮನ್ನೂ ಬೈದುಕೊಳ್ಳದಿದ್ದರೆ ಅದು ಅಪ್ರಾಮಾಣಿಕತೆ.

ಗಡಿ ಕಂಡ ಕೂಡಲೇ ನಿಲ್ಲುವುದು ಸರ್ಕಾರಗಳು ಮಾತ್ರವೇ? ನಾವೂ ನಿಂತಿದ್ದೇವೆ. ಮಹಾರಾಷ್ಟ್ರದ ದಲಿತ ಪ್ಯಾಂಥರ್ಸ್ ನಮಗೆ ಗೊತ್ತು, ಅಮೆರಿಕದ ಕಪ್ಪು ಜನರ ಹೋರಾಟ ಗೊತ್ತು. ನೇಪಾಳದ ದಮಾಯಿ ಗೊತ್ತಿಲ್ಲ, ಸಿಂಧಿನ ಕೋಲ್ಹಿ ಗೊತ್ತಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ರಾತ್ರಿಯಿಡೀ ನಿಂತ ನೇಪಾಳದ ಹುಡುಗನನ್ನು 'ಗೂರ್ಖಾ' ಎಂದು ಕರೆದು ಮುಂದೆ ಹೋಗಿದ್ದೇವೆ. ನಿನ್ನ ಊರಲ್ಲಿ ನಿನ್ನ ನೀರು ನಡೆಯುತ್ತದೇನಪ್ಪ ಎಂದು ಕೇಳಿಲ್ಲ. ಯುದ್ಧದ ಮಾತು ಬಂದಾಗಲೆಲ್ಲ ಕೇರಿಯ ಮೊಬೈಲುಗಳಲ್ಲೂ ಅದೇ ಅಬ್ಬರ, ಅದೇ ಸ್ಟೇಟಸ್ಸು. ಆಚೆಯ ಚರಂಡಿಯಲ್ಲಿ ಸಾಯುವವನೂ ನಮ್ಮ ಬೀದಿಯವನೇ ಎಂದು ಅವ್ವನಿಗೆ ಹೊಳೆದದ್ದು ಡಿಗ್ರಿ ಮಾಡಿದ ನಮಗೆ ಹೊಳೆಯಲಿಲ್ಲ.

ಆದ್ದರಿಂದ ಸಾರ್ಕ್ ಬೇಡವೆಂದು ನಾವು ಹೇಳುತ್ತಿಲ್ಲ. ೨೦೦೨ರಲ್ಲಿ ಹೆಣ್ಣುಮಕ್ಕಳ, ಮಕ್ಕಳ ಸಾಗಾಟ ತಡೆಯಲು ಅದು ಮಾಡಿದ ಒಪ್ಪಂದದಂಥವು ಇನ್ನೂ ಹತ್ತು ಬೇಕು. ೨೦೧೦ರಲ್ಲಿ ದೆಹಲಿಯಲ್ಲಿ ಶುರುವಾದ ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯದ ಬೆಂಚುಗಳಲ್ಲಿ ನಮ್ಮ ಕೇರಿಗಳ ಮಕ್ಕಳೂ ಕೂರಬೇಕು. ನೆರೆಹೊರೆ ಕೂಡಿ ಬಾಳುವುದು ಮೊದಲು ಬೇಕಾಗಿರುವುದೇ ಬಡವರಿಗೆ. ಗಡಿಯಲ್ಲಿ ಗುಂಡು ಹಾರಿದರೆ ಸಾಯುವ ಸಿಪಾಯಿ ಎರಡೂ ಕಡೆ ಬಡವರ ಮಗನೇ. ಆದರೆ ನಮಗೆ ಬೇಕಾದ ಸಹಕಾರ ಬೇರೆ, ಅದಕ್ಕೆ ನಮ್ಮ ಷರತ್ತುಗಳಿವೆ.

ಒಂದು: ಸಾಮಾಜಿಕ ಸನ್ನದಿನಲ್ಲಿ ಜಾತಿ, ಅಸ್ಪೃಶ್ಯತೆ ಎಂಬ ಪದಗಳನ್ನು ಬರೆಯಬೇಕು. ಹೆಸರಿಲ್ಲದ ರೋಗಕ್ಕೆ ಮದ್ದಿಲ್ಲ.

ಎರಡು: ನಮ್ಮ ೧೯೮೯ರ ದೌರ್ಜನ್ಯ ತಡೆ ಕಾಯಿದೆ, ನೇಪಾಳದ ೨೦೧೧ರ ಕಾಯಿದೆ, ಶ್ರೀಲಂಕಾದ ೧೯೫೭ರ ಸಾಮಾಜಿಕ ಅನರ್ಹತೆ ತಡೆ ಕಾಯಿದೆ, ಇವೆಲ್ಲವನ್ನೂ ಪಕ್ಕಪಕ್ಕ ಇಟ್ಟು ಯಾವ ದೇಶದಲ್ಲಿ ಎಷ್ಟು ಕೇಸು, ಎಷ್ಟು ಶಿಕ್ಷೆ ಎಂಬ ಲೆಕ್ಕವನ್ನು ಪ್ರತಿ ವರ್ಷ ಎಲ್ಲರ ಮುಂದೆ ಓದಬೇಕು. ತಲೆ ಎಣಿಸಲು ಬರುವವರಿಗೆ ಇದನ್ನೂ ಎಣಿಸಲು ಬರಬೇಕು.

ಮೂರು: ಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು ಎಲ್ಲ ದೇಶಗಳೂ ಒಟ್ಟಾಗಿ ನಿಲ್ಲಿಸಬೇಕು. ಕ್ಷಿಪಣಿಗೆ ಯಂತ್ರ ಇದೆ, ಗುಂಡಿಗೆ ಇಲ್ಲವೇ?

ನಾಲ್ಕು: ಆ ೨೪ರ ಪಟ್ಟಿಗೆ ಇಪ್ಪತ್ತೈದನೆಯದಾಗಿ ದುಡಿಯುವವರನ್ನು ಸೇರಿಸಬೇಕು.

ಇವು ಸರ್ಕಾರಗಳಿಗೆ. ಅವು ಸುಲಭವಾಗಿ ಮಾಡುವುದಿಲ್ಲವೆಂದು ಗೊತ್ತು. ನಮಗೆ ನಾವೇ ಹಾಕಿಕೊಳ್ಳುವ ಕೆಲಸ ಇನ್ನೊಂದಿದೆ, ಅದಕ್ಕೆ ಯಾವ ಸರ್ವಾನುಮತವೂ ಬೇಡ. ತಮಿಳು ಬಲ್ಲವರು ಕೋಲಾರದಲ್ಲಿದ್ದಾರೆ, ಕೆ.ಜಿ.ಎಫ್.ನಲ್ಲಿದ್ದಾರೆ, ಸುಳ್ಯದ ಲೈನುಗಳಲ್ಲಿದ್ದಾರೆ. ಅವರು ಡೇನಿಯಲ್ಲನ ಒಂದು ಪುಟವನ್ನಾದರೂ ಕನ್ನಡಕ್ಕೆ ತರಲಿ. ಉರ್ದು ಬಲ್ಲ ಗೆಳೆಯರು, ಹಿಂದಿಯ ಮೂಲಕ ನೇಪಾಳಿಯನ್ನು ಮುಟ್ಟಬಲ್ಲವರು ಆ ಕಡೆಯವರ ಹಾಡು, ಕತೆ, ಕೋರ್ಟಿನ ತೀರ್ಪು, ಏನು ಸಿಕ್ಕರೂ ತರಲಿ. ನಮ್ಮ ಸಣ್ಣ ಪತ್ರಿಕೆಗಳು ಪ್ರತಿ ಸಂಚಿಕೆಯಲ್ಲಿ ಎರಡು ಪುಟವನ್ನು ಗಡಿಯಾಚೆಯ ಕೇರಿಗೆ ಬಿಟ್ಟುಕೊಡಲಿ. ಕಾಗದಕ್ಕೆ ವೀಸಾ ಬೇಡ.

ಕೊನೆಯದಾಗಿ ಹಳ್ಳಿಗಳಲ್ಲಿ ಪಾಠ ಹೇಳುವ ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ ಒಂದು ಬಿನ್ನಹ. ಸಾರ್ಕಿನ ಕೇಂದ್ರ ಕಚೇರಿ ಎಲ್ಲಿದೆ ಎಂದು ಮಕ್ಕಳಿಗೆ ಖಂಡಿತ ಕೇಳಿ. ಕಠ್ಮಂಡು ಎಂದವರಿಗೆ ಒಂದು ಮಾರ್ಕು ಕೊಡಿ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಆ ದೇಶಗಳೆಲ್ಲ ಸೇರಿ ಸಹಿ ಹಾಕಿದ ಸಾಮಾಜಿಕ ಸನ್ನದಿನಲ್ಲಿ ಇಲ್ಲದ ಪದ ಯಾವುದು?

ಹಿಂದಿನ ಬೆಂಚಿನ ಮಕ್ಕಳಿಗೆ ಉತ್ತರ ಗೊತ್ತಿರುತ್ತದೆ.